ಉಪ್ಪಿಲ್ಲ ಎಂಬ ಊರು

ಶಿಯೋನಾಶಿ ಗ್ರಾಮ, ಶಿಕೊಕು
12 ಸೆಪ್ಟೆಂಬರ್ 2004

ಹೊಕ್ಕೈಡೊ ಕರಾವಳಿಯ ಹೊಸ ಶಿಯೋನಾಶಿಯ ಹಿರಿಯರೊಬ್ಬರಿಗೆ,
(ಯಾರೆಂಬುದನ್ನು ಅಂಚೆ ಕಚೇರಿಯವರೇ ತೀರ್ಮಾನಿಸಬೇಕಾಗಿ ಕೋರಿಕೆ)

ಇಲ್ಲಿ ಸೆಕೆ ಇನ್ನೂ ಹೋಗಿಲ್ಲ, ಜೀರುಂಡೆಗಳೂ ಹೋಗಿಲ್ಲ. ಅಲ್ಲಿ ಆಗಲೇ ಚಳಿ ಕಾಲಿಟ್ಟಿರಬಹುದು. ಗುರುತಿಲ್ಲದವರಿಗೆ ಕಾಗದ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ.

ನಾನು ಕುಸುನೋಸೆ ತೊಕುಜಿ, ಅರವತ್ತೆರಡು ವರ್ಷ. ಮೂವತ್ತೆಂಟು ವರ್ಷ ಈ ಗ್ರಾಮದ ಕಚೇರಿಯಲ್ಲಿ ಹುಟ್ಟು, ಸಾವು, ಮದುವೆ ಬರೆದುಕೊಳ್ಳುತ್ತಿದ್ದ ಗುಮಾಸ್ತ. 1890ರ ಮಹಾಪೂರದಲ್ಲಿ ಬೆಟ್ಟ ಕುಸಿದು ನಮ್ಮ ಅರ್ಧ ಊರು ನೆಲ ಕಳೆದುಕೊಂಡಿತು. ಆ ಅರ್ಧ ಊರು ಹಡಗು ಹತ್ತಿ ನಿಮ್ಮ ಕಡೆ ಬಂದು, ಕಾಡು ಕಡಿದು, ಹೊಸ ಜಾಗಕ್ಕೆ ಹಳೆಯ ಹೆಸರನ್ನೇ ಇಟ್ಟುಕೊಂಡಿತು. ನೀವು ಆ ಜನರ ಮೊಮ್ಮಕ್ಕಳು ಎಂಬ ಸಲಿಗೆಯಿಂದ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಮುಂದಿನ ವರ್ಷದ ಅಕ್ಟೋಬರಿಗೆ ನಮ್ಮ ಕಣಿವೆಯ ನಾಲ್ಕು ಗ್ರಾಮಗಳನ್ನು ಕಲಸಿ ಒಂದು ಪಟ್ಟಣ ಮಾಡುತ್ತಾರೆ. ಅದಕ್ಕೆ ‘ಹಿನಾತಾ’ ಎಂದು ಹೆಸರಿಡುವುದು ಹೆಚ್ಚುಕಡಿಮೆ ನಿಶ್ಚಯ. ಬಿಸಿಲು ಬೀಳುವ ಕಡೆ ಎಂದರ್ಥ. ನಮ್ಮ ಊರಿಗೆ ಬೆಳಗ್ಗೆ ಹತ್ತಕ್ಕೆ ಬರುವ ಬಿಸಿಲು ಮಧ್ಯಾಹ್ನ ಮೂರಕ್ಕೆ ಮನೆಗೆ ಹೊರಡುತ್ತದೆ, ಸರ್ಕಾರಿ ನೌಕರನ ಹಾಗೆ. ಇರಲಿ. ಹಳೆಯ ಊರುಗಳ ಹೆಸರನ್ನು ವಾರ್ಡುಗಳಿಗೆ ಉಳಿಸಿಕೊಳ್ಳಬಹುದು. ಆದರೆ ಪ್ರತಿ ಹೆಸರಿಗೂ ಮೂಲ ಏನು, ಅರ್ಥ ಏನು ಎಂದು ಬರೆದು ವಿಲೀನ ಸಮಿತಿಯ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಸಿಗದ ಊರು ಇನ್ನು ಮುಂದೆ ಬರೀ ‘ನಾಲ್ಕನೇ ವಾರ್ಡು’.

ಉಳಿದ ಮೂರು ಊರುಗಳಲ್ಲಿ ಓನಾರು ಎಂದರೆ ದೊಡ್ಡ ಬಯಲು. (ಬಯಲಿನ ಅಳತೆ ಒಂದು ಶಾಲೆಯ ಅಂಗಳದಷ್ಟು.) ಉಶಿಓಚಿ ಎಂದರೆ ದನ ಬಿದ್ದ ಜಾಗ. ಹೆಬಿಗುಚಿ ಎಂದರೆ ಹಾವಿನ ಬಾಯಿ. ಈ ಮೂರೂ ಪಾಸಾಗಿವೆ. ಶಿಯೋನಾಶಿ ಎಂದರೆ ಉಪ್ಪಿಲ್ಲ ಎಂದು ನಿಮಗೂ ಗೊತ್ತು. ಯಾಕೆ ಇಲ್ಲ ಎಂಬುದೇ ತಕರಾರು. ನಮ್ಮ ಬಸ್ ನಿಲ್ದಾಣದ ಫಲಕದಲ್ಲಿ ಹೀಗೆ ಬರೆದಿದೆ: ಯಾತ್ರೆ ಹೊರಟ ಸನ್ಯಾಸಿಯೊಬ್ಬ ತನ್ನ ಗಂಜಿಗೆ ಒಂದು ಚಿಟಿಕೆ ಉಪ್ಪು ಕೇಳಿದ, ಮನೆಮನೆಯವರೂ ತುಂಬಿದ ಭರಣಿಯನ್ನು ಬೆನ್ನ ಹಿಂದಿಟ್ಟುಕೊಂಡು ‘ಇಲ್ಲ’ ಎಂದರು, ಆತ ‘ಹಾಗೇ ಆಗಲಿ’ ಎಂದು ನಡೆದ. ಈ ಕಥೆಯ ದೆಸೆಯಿಂದ ಓನಾರಿನ ಮಕ್ಕಳು ನಮ್ಮ ಮಕ್ಕಳನ್ನು ಕಂಡರೆ ಹಾಡುತ್ತಾರೆ:

ಶಿಯೋನಾಶಿ ಊರು, ಉಪ್ಪಿಲ್ಲದ ಸಾರು,
ಕೇಳಿದ್ರೆ ಒಂದು ಚೂರು, ಬಾಗ್ಲು ಹಾಕ್ಕೊಂಡೋರು!

ಪ್ರಾಸ ಚೆನ್ನಾಗಿದೆ ಎಂಬುದೇ ನನ್ನ ಸಂಕಟ. ನಿಮ್ಮಲ್ಲಿ ಈ ಹೆಸರಿನ ಬಗ್ಗೆ ಹಿರಿಯರು ಏನು ಹೇಳುತ್ತಿದ್ದರು? ದಯವಿಟ್ಟು ತಿಳಿಸಿ. ನಮ್ಮ ಮರದ ಯೂಝು ನಿಂಬೆ ಹತ್ತು ಕಳಿಸಿದ್ದೇನೆ.

ಕುಸುನೋಸೆ ತೊಕುಜಿ


ಹೊಸ ಶಿಯೋನಾಶಿ
3 ಅಕ್ಟೋಬರ್ 2004

ಕುಸುನೋಸೆ ಅವರಿಗೆ,

ಇಲ್ಲಿ ಚಳಿ ಕಾಲಿಟ್ಟಿಲ್ಲ, ಕಾಲು ಚಾಚಿ ಮಲಗಿದೆ. ನಿಮ್ಮ ಕಾಗದ ಹಿಡಿದು ಅಂಚೆಯವನು ಮೂರು ಮನೆ ಅಲೆದ. ಮೊದಲನೆಯವರಿಗೆ ಕಣ್ಣು ಕಾಣದು, ಎರಡನೆಯವರಿಗೆ ಕಿವಿ ಕೇಳದು, ಮೂರನೆಯದು ನಮ್ಮ ಮನೆ. ನಾನು ಕಮೊಬೆ ಕಿನುಯೆ. ಅರವತ್ತೆಂಟು ವರ್ಷ. ಹಿರಿಯರ ಸಂಘದ ಅಧ್ಯಕ್ಷೆ, ಬೇರೆ ಯಾರೂ ಒಪ್ಪದೆ ಇದ್ದುದರಿಂದ.

ಉತ್ತರ ತಡವಾದದ್ದಕ್ಕೆ ಕಡಲಸೊಪ್ಪು ಕಾರಣ. ಬೇಸಿಗೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಅದನ್ನು ಕಲ್ಲುಹಾಸಿನ ಮೇಲೆ ಹರಡುವುದು, ಮಗುಚುವುದು, ಮೋಡ ಕಂಡರೆ ಓಡಿಬಂದು ಎತ್ತುವುದು. ಜೊತೆಗೆ ನಮ್ಮ ಮನೆಯವರು ಗೆನ್ನೊಸುಕೆ ಮೇ ತಿಂಗಳಿಂದ ಪಟ್ಟಣದ ಆಸ್ಪತ್ರೆಯಲ್ಲಿದ್ದಾರೆ. ಎಡಗೈ, ಎಡಗಾಲು ಮುಷ್ಕರ ಹೂಡಿವೆ. ಆ ಎರಡರ ಕೆಲಸವನ್ನೂ ಬಾಯಿಯೇ ಮಾಡುತ್ತಿದೆ. ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗಿ ಬೈಸಿಕೊಂಡು ಬರುತ್ತೇನೆ.

ನಿಮ್ಮ ಸನ್ಯಾಸಿಯ ಕಥೆ ಓದಿ ಸಂಘದಲ್ಲಿ ಎಲ್ಲರೂ ಬೆರಗಾದರು. ಇಲ್ಲಿ ಯಾರೂ ಅಂಥ ಸನ್ಯಾಸಿಯನ್ನು ಕೇಳಿಯೇ ಇಲ್ಲ. ಅವನು ಹಡಗು ಹತ್ತಲಿಲ್ಲವೋ ಏನೋ. ನಮಗೆ ಇರುವ ತಮಾಷೆ ಬೇರೆ: ಮೂರು ದಿಕ್ಕಿಗೂ ಸಮುದ್ರ, ಸೈಕಲ್ಲು ಎರಡು ವರ್ಷಕ್ಕೆ ಉಪ್ಪು ತಿಂದು ಸಾಯುತ್ತದೆ, ಊರಿನ ಹೆಸರು ಉಪ್ಪಿಲ್ಲ. ರೈಲಿನಲ್ಲಿ ಬಂದವರು ಬೋರ್ಡು ನೋಡಿ, ತುಟಿ ನೆಕ್ಕಿ, ನಗುತ್ತಾರೆ.

ನಿಮ್ಮ ಪ್ರಾಸಕ್ಕೆ ನಮ್ಮ ಉತ್ತರ:
ಹೊಸ ಶಿಯೋನಾಶಿ ಊರು, ಸುತ್ತ ಉಪ್ಪುನೀರು,
ಹೆಸರು ಇಟ್ಟೋರ್ಯಾರು? ಕೇಳಬೇಡಿ ಚೂರೂ!

ಯೂಝು ಪರಿಮಳ ಸೊಗಸು. ಕಡಲಸೊಪ್ಪು ಒಂದು ಕಟ್ಟು ಕಳಿಸಿದ್ದೇನೆ. ಹೆಸರಿನ ವಿಷಯ ವಿಚಾರಿಸುತ್ತೇನೆ.

ಕಮೊಬೆ ಕಿನುಯೆ


ಶಿಯೋನಾಶಿ
11 ಅಕ್ಟೋಬರ್ 2004

ಕಮೊಬೆ ಅವರಿಗೆ,

ನಿಮ್ಮ ಪ್ರಾಸವನ್ನು ಮೂರು ಸಲ ಗಟ್ಟಿಯಾಗಿ ಓದಿದೆ. ನನ್ನ ಹೆಂಡತಿ ಫುಸಾಯೆ ಒಳಗಿನಿಂದ “ಯಾರ ಜೊತೆ ಜಗಳ?” ಎಂದಳು. ಮನೆಯವರ ಕಾಲು ಬೇಗ ಮುಷ್ಕರ ಬಿಡಲಿ.

ನಿನ್ನೆ ಸಮಿತಿ ಸೇರಿತ್ತು. ಓನಾರಿನ ಸದಸ್ಯ ಮುಗಿಟಾನಿ ಕಂಜಿರೋ ಎಂಬವರಿದ್ದಾರೆ, ಸಾಕೆ ಮದ್ಯದ ಅಂಗಡಿ ಇಟ್ಟವರು. ಸರಕಿಗಿಂತ ಮಾತು ಹೆಚ್ಚು ಮಾರುತ್ತಾರೆ. ಅವರು ಶುರು ಮಾಡಿದರು:

“ಏನ್ರೀ ತೊಕುಜಿಯಣ್ಣ, ಉಪ್ಪಿಲ್ಲ ಅಂತ ಹೆಸರಿಟ್ಕೊಂಡು ಟೂರಿಸ್ಟ್‌ನ ಕರೀತೀರಾ? ಊಟ ಎಲ್ಲಿ ಮಾಡೋದು ಅವನು?”

“ದನ ಬಿದ್ದೂರಿಗೆ ಬರೋನು ನಮ್ಮೂರಿಗೆ ಬರಲ್ವಾ?” ಎಂದೆ.

“ದನ ಬಿದ್ದಿದ್ದು ಅಪಘಾತ ಕಣ್ರೀ. ನಿಮ್ದು ಜಿಪುಣತನ! ನಾನು ಹೇಳ್ತಿರೋದಲ್ಲ, ನಿಮ್ಮೂರ ಬೋರ್ಡೇ ಹೇಳ್ತಿದೆ.”

ಉಶಿಓಚಿಯವರು ಕೂಡ ನಕ್ಕರು. ಫಲಕ ನಮ್ಮದೇ, ನಿಂತಿರುವುದು ನಮ್ಮದೇ ನೆಲದಲ್ಲಿ. ನವೆಂಬರ್ 28ಕ್ಕೆ ಕೊನೆಯ ಸಭೆ. ಅಷ್ಟರೊಳಗೆ ಬೇರೆ ಮೂಲ ತೋರಿಸದಿದ್ದರೆ ನಾವು ನಾಲ್ಕನೇ ವಾರ್ಡು. ನಾನು ಸಾವಿರಾರು ಮಕ್ಕಳ ಹೆಸರಿನ ಪಕ್ಕ ‘ಜನ್ಮಸ್ಥಳ ಶಿಯೋನಾಶಿ’ ಎಂದು ಬರೆದ ಕೈ. ಅವರೆಲ್ಲ ಎಲ್ಲಿ ಹುಟ್ಟಿದರು ಎಂದು ಯಾರಾದರೂ ಕೇಳಿದರೆ ಬರೀ ಒಂದು ಸಂಖ್ಯೆಯನ್ನು ತೋರಿಸಲಾರೆ.

ಫುಸಾಯೆ ಉಪ್ಪಿನಲ್ಲಿ ಹಾಕಿದ ಹುಳಿ ಉಮೆಕಾಯಿ ಒಂದು ಭರಣಿ ಕಳಿಸಿದ್ದಾಳೆ. ಮೂರು ವರ್ಷ ಕಳಿತದ್ದು. ಈ ಕಣಿವೆಯಲ್ಲಿ ಅವಳ ಉಮೆಗೆ ಸಮ ಇಲ್ಲ. ಇದನ್ನು ನಾನು ಹೇಳುತ್ತಿಲ್ಲ, ಮುಗಿಟಾನಿಯೂ ಒಪ್ಪುತ್ತಾರೆ. ಅನ್ನದ ಜೊತೆ ಒಂದೇ ಒಂದು ತಿಂದು ಹೇಗಿದೆ ಬರೆಯಿರಿ, ಅವಳು ಕಾಯುತ್ತಿರುತ್ತಾಳೆ.

ಕುಸುನೋಸೆ ತೊಕುಜಿ


ಹೊಸ ಶಿಯೋನಾಶಿ
24 ಅಕ್ಟೋಬರ್ 2004

ಕುಸುನೋಸೆ ಅವರಿಗೆ,

ಉಮೆ ತಲುಪಿತು. ಬಣ್ಣ ಬಹಳ ಚೆನ್ನಾಗಿದೆ. ಬೆಳಕು ಬೀಳುವಂತೆ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಮನೆಯವರಿಗೆ ನನ್ನ ವಂದನೆ ತಿಳಿಸಿ.

ಹೆಸರಿನ ವಿಷಯ. ಗೆನ್ನೊಸುಕೆಯವರ ಅಜ್ಜಿ ಸುಯೆ ಎಂಬವರು ಪೂರದ ವರ್ಷ ನಿಮ್ಮ ಊರಿನಿಂದ ಹಡಗಿನಲ್ಲಿ ಬಂದವರು, ಆಗ ಹದಿನಾರು ವರ್ಷ. ನಾನು ಮದುವೆಯಾಗಿ ಬಂದಾಗಲೂ ಬದುಕಿದ್ದರು. ಅವರು ನನಗೊಂದು ಮಾತು ಹೇಳಿದ್ದುಂಟು. ಅದನ್ನು ಈಗ ಹೇಳಲಾಗದು. ಯಾಕೆ ಹೇಳಲಾಗದು ಎಂಬುದನ್ನೂ ಹೇಳಲಾಗದು. ಸ್ವಲ್ಪ ಕಾಯಬೇಕಾಗುತ್ತದೆ. ಎಷ್ಟು ದಿನ ಎಂದು ನನಗೂ ಗೊತ್ತಿಲ್ಲ.

ಕಮೊಬೆ ಕಿನುಯೆ


ಶಿಯೋನಾಶಿ
2 ನವೆಂಬರ್ 2004

ಮಾನ್ಯ ಶ್ರೀಮತಿ ಕಮೊಬೆ ಕಿನುಯೆ ಅವರ ಸನ್ನಿಧಿಗೆ,

ಬೆಟ್ಟದ ಮೇಪಲ್ ಎಲೆಗಳು ಕೆಂಪಾಗಿವೆ. ತಮ್ಮ ಪತ್ರ ತಲುಪಿದೆ.

ಕಾಯಬೇಕು ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಸಭೆಗೆ ಇಪ್ಪತ್ತಾರು ದಿನ ಉಳಿದಿದೆ ಎಂಬುದನ್ನು ನಮ್ರವಾಗಿ ನೆನಪಿಸಬಯಸುತ್ತೇನೆ. ಗೊತ್ತಿಲ್ಲ ಎಂದಿದ್ದರೆ ಸುಮ್ಮನಾಗುತ್ತಿದ್ದೆ. ಗೊತ್ತಿದೆ, ಹೇಳುವುದಿಲ್ಲ ಎಂಬುದು ತುಂಬಿದ ಭರಣಿಯನ್ನು ಬೆನ್ನ ಹಿಂದಿಟ್ಟುಕೊಂಡವರ ಮಾತಿನಂತೆ ನನಗೆ ಕೇಳಿಸಿತು. ನಮ್ಮ ಪೂರ್ವಜರ ಗುಣ ಸಮುದ್ರ ದಾಟಿಯೂ ಬಂದಿದೆ ಎಂದು ಓನಾರಿನವರು ಹೇಳಿಯಾರು. ನಾನು ಹೇಳುವುದಿಲ್ಲ.

ಉಮೆಯನ್ನು ತಿನ್ನುವ ಪದ್ಧತಿ ಈ ಕಡೆ ಇದೆ. ನೋಡುವ ಪದ್ಧತಿ ಇಲ್ಲ. ತಮ್ಮ ಪತ್ರವನ್ನು ಫುಸಾಯೆಗೆ ಓದಿ ಹೇಳಿದೆ. “ಇನ್ನೊಂದು ಸಲ ಓದಿ” ಎಂದಳು. ಓದಿದೆ. “ಸರಿ, ಅವರನ್ನ ಗೋಳುಹುಯ್ಕೋಬೇಡಿ” ಎಂದು ಎದ್ದುಹೋದಳು. ಬಹಳ ನೊಂದಿದ್ದಾಳೆ ಎಂದು ಕಾಣುತ್ತದೆ.

ತಮ್ಮ ವಿಧೇಯ
ಕುಸುನೋಸೆ ತೊಕುಜಿ


ಹೊಸ ಶಿಯೋನಾಶಿ (ಕಾರ್ಡು)
9 ನವೆಂಬರ್ 2004

ಕುಸುನೋಸೆ ಅವರಿಗೆ,

ನಿಮ್ಮ ಕೋಪಕ್ಕೆ ವ್ಯಾಕರಣ ಚೆನ್ನಾಗಿ ಬರುತ್ತದೆ. ಸಭೆಯನ್ನು ಮುಂದೂಡಿಸಲು ಆಗುತ್ತದೆಯೇ? ಆಗುವುದಾದರೆ ಮಾಡಿಸಿ. ಆಗದಿದ್ದರೆ ನನ್ನನ್ನು ಬೈಯಿರಿ, ನನಗೆ ವಾರಕ್ಕೆರಡು ಸಲ ಅಭ್ಯಾಸವಿದೆ. ನಿಮ್ಮ ಮನೆಯವರು ನೊಂದಿಲ್ಲ.

ಕಿನುಯೆ


ಶಿಯೋನಾಶಿ
29 ನವೆಂಬರ್ 2004

ಕಮೊಬೆ ಅವರಿಗೆ,

ತೀರ್ಮಾನ ಮುಂದಕ್ಕೆ ಹೋಗಿದೆ. ನಿಮ್ಮ ಅಪ್ಪಣೆಯಂತಲ್ಲ, ನನ್ನ ಮಾನ ಹೋದ ದೆಸೆಯಿಂದ.

ನಿನ್ನೆ ಮುಗಿಟಾನಿ ನಮ್ಮ ಫಲಕದ ಫೋಟೋ ತೆಗೆದುಕೊಂಡು ಬಂದಿದ್ದರು, ದೊಡ್ಡದು ಮಾಡಿಸಿ. ಅದನ್ನು ಗೋಡೆಗೆ ಒರಗಿಸಿ ನಾಟಕದವರ ಧ್ವನಿಯಲ್ಲಿ ಓದಿದರು. “ತುಂಬಿದ ಭರಣಿಯನ್ನು ಬೆನ್ನ ಹಿಂದಿಟ್ಟುಕೊಂಡು” ಎಂಬಲ್ಲಿ ಕೈ ಹಿಂದೆ ಕಟ್ಟಿಕೊಂಡು ತೋರಿಸಿದರು. ಎಲ್ಲರೂ ನಕ್ಕರು. ಅಧ್ಯಕ್ಷರು “ಸರಿ, ಮತಕ್ಕೆ ಹಾಕೋಣ” ಎಂದರು. ಆಗ ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

ಆ ಫಲಕ ಬರೆದವನು ನಾನು. ಈ ಮಾತನ್ನು ನಿಮಗೂ ಮುಚ್ಚಿಟ್ಟಿದ್ದೆ. 1979ರಲ್ಲಿ ಜಿಲ್ಲೆಯಿಂದ ಆದೇಶ ಬಂತು: ಎಲ್ಲ ಗ್ರಾಮಗಳೂ ತಮ್ಮ ಹೆಸರಿನ ಮೂಲವನ್ನು ಬಸ್ ನಿಲ್ದಾಣದಲ್ಲಿ ಬರೆಸತಕ್ಕದ್ದು, ನಾಳೆಯೊಳಗೆ ಪಠ್ಯ ಕಳಿಸತಕ್ಕದ್ದು. ನಾನು ಕಂದಾಯದ ಕಡತ ತೆರೆದೆ, ದೇವಸ್ಥಾನದ ದಾಖಲೆ ತೆರೆದೆ, ನಕ್ಷೆ ಬಿಚ್ಚಿದೆ. ಒಂದು ಅಕ್ಷರ ಇಲ್ಲ. ಗುಡ್ಡದ ಆಚೆಯ ಊರಿನಲ್ಲಿ ಒಂದು ಕಥೆಯಿದೆ, ಸನ್ಯಾಸಿಗೆ ಮೂಲಂಗಿ ಕೊಡದ ಜಿಪುಣರದು. ಮಧ್ಯಾಹ್ನ ಮೂರು ಗಂಟೆಗೆ ಬಿಸಿಲು ಹೋಗುವುದರೊಳಗೆ ಮೂಲಂಗಿ ತೆಗೆದು ಉಪ್ಪು ಹಾಕಿದೆ. ಬೆನ್ನ ಹಿಂದಿನ ಭರಣಿ ನನ್ನ ಸ್ವಂತ ಕಲ್ಪನೆ, ಅದರ ಬಗ್ಗೆ ಆಗ ಹೆಮ್ಮೆಯೂ ಇತ್ತು. ಪ್ರಾಸದ ಹಾಡು ಹುಟ್ಟಿದ್ದು ಅದಾದ ಮೇಲೆ. ಇಪ್ಪತ್ತೈದು ವರ್ಷ ನಮ್ಮೂರ ಮಕ್ಕಳು ಅಳುತ್ತಾ ಮನೆಗೆ ಬಂದದ್ದು ನನ್ನ ಒಂದು ಮಧ್ಯಾಹ್ನದ ಕೆಲಸಕ್ಕೆ.

ಇಷ್ಟನ್ನು ಸಭೆಗೆ ಹೇಳಿದೆ. ಆಮೇಲೆ ಹೆಬಿಗುಚಿಯ ಸದಸ್ಯೆಯೊಬ್ಬರು, “ಅಣ್ಣಾ, ನಮ್ಮೂರ ಹಾವಿನ ಕಥೇನೂ ನೀವೇ ಬರ್ದಿದ್ದಾ? ಈಗ್ಲೇ ಹೇಳ್ಬಿಡಿ” ಎಂದರು. ಮತ್ತೆ ನಗು. ಮುಗಿಟಾನಿ ಮಾತ್ರ ನಗಲಿಲ್ಲ. “ಅಂದ್ರೆ ಇವ್ರ ಊರಿಗೆ ಕೆಟ್ಟ ಮೂಲಾನೂ ಇಲ್ಲ, ಒಳ್ಳೆ ಮೂಲಾನೂ ಇಲ್ಲ. ಮೂಲಾನೇ ಇಲ್ಲ!” ಎಂದರು. ಅಧ್ಯಕ್ಷರು ಜನವರಿ 23ರವರೆಗೆ ಗಡುವು ಕೊಟ್ಟರು.

ದಾರಿಯಲ್ಲಿ ಜನ ನನ್ನನ್ನು ಕಂಡು ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ನನ್ನ ಹಿಂದಿನ ಪತ್ರದಲ್ಲಿ ನಿಮ್ಮನ್ನು ಭರಣಿ ಬಚ್ಚಿಟ್ಟವರು ಎಂದು ಚುಚ್ಚಿದೆ. ಬಚ್ಚಿಟ್ಟವನು ನಾನಾಗಿದ್ದೆ. ಕ್ಷಮಿಸಿ. ನಿಮಗೆ ಹೇಳಲು ಆಗುವ ದಿನ ಬಂದರೆ ಹೇಳಿ, ಬಾರದಿದ್ದರೆ ಬಿಡಿ.

ತೊಕುಜಿ


ಹೊಸ ಶಿಯೋನಾಶಿ
20 ಡಿಸೆಂಬರ್ 2004

ತೊಕುಜಿ ಅವರಿಗೆ,

ಮೊನ್ನೆ ಶನಿವಾರ ಮಧ್ಯಾಹ್ನ ಒಂದೂವರೆಗೆ ಗೆನ್ನೊಸುಕೆಯವರು ಟ್ಯಾಕ್ಸಿ ಇಳಿದು, ಹಿಮ ಸರಿಸಿದ ಹಾದಿಯಲ್ಲಿ, ಕೋಲು ಊರಿ, ಮನೆಯ ಹೊಸ್ತಿಲವರೆಗೆ ತಮ್ಮ ಕಾಲಿನಿಂದ ನಡೆದು ಬಂದರು. ನಲವತ್ತೊಂದು ಹೆಜ್ಜೆ. ಹಿಡಿಯಲು ಹೋದವರಿಗೆಲ್ಲ “ಸರೀರಿ ಆಚೆ, ನಾನೇನು ಕಡಲಸೊಪ್ಪಾ ಎತ್ತೋಕೆ?” ಎಂದು ಬೈದರು. ಹೊಸ್ತಿಲು ದಾಟಿ ಕೂತ ಮೇಲೆ ನಾನು ಒಳಗೆ ಹೋಗಿ, ಕಿಟಕಿಯ ಹತ್ತಿರದ ಭರಣಿ ತೆರೆದು, ನಿಮ್ಮ ಮನೆಯವರ ಉಮೆ ಒಂದನ್ನು ಬಾಯಿಗೆ ಹಾಕಿಕೊಂಡೆ. ಏಳು ತಿಂಗಳ ಮೇಲೆ ಮೊದಲ ಉಪ್ಪು. ಕಿವಿಯ ಹಿಂದೆ ಎಲ್ಲೋ ಗಂಟೆ ಬಾರಿಸಿದ ಹಾಗಾಯಿತು. ಅತ್ತೆನೋ ನಕ್ಕೆನೋ ಗೊತ್ತಾಗಲಿಲ್ಲ. ಮುಖ ಮಾತ್ರ ಆ ಉಮೆಯ ಹಾಗೇ ಸುಕ್ಕಾಗಿತ್ತು. ಮೂರು ತಿಂದೆ. ಫುಸಾಯೆ ಅವರಿಗೆ ಹೇಳಿ, ಹೊಕ್ಕೈಡೊದಲ್ಲೂ ಅದಕ್ಕೆ ಸಮ ಇಲ್ಲ.

ಈಗ ಹೇಳಬಹುದು. ಇದೇ ಸುಯೆ ಅಜ್ಜಿ ನನಗೆ ಹೇಳಿಕೊಟ್ಟದ್ದು. ಮನೆಯ ಒಬ್ಬರು ಬರುವರೋ ಬಾರರೋ ಎಂಬ ಸ್ಥಿತಿ ಬಂದಾಗ ಹೆಂಗಸು ಬೆಟ್ಟದ ದೇವರಿಗೆ ಹರಕೆ ಹೊತ್ತು ಉಪ್ಪು ಬಿಡಬೇಕು. ಉಪ್ಪು ಹಾಕಿ ಹುದುಗಿಸಿದ ಮಿಸೊ ಇಲ್ಲ, ಸೋಯಾ ರಸ ಇಲ್ಲ, ಉಪ್ಪಿನಕಾಯಿ ಇಲ್ಲ. ಅವರು ಹೊಸ್ತಿಲು ತುಳಿಯುವವರೆಗೆ. ಒಂದೇ ಷರತ್ತು: ಯಾರಿಗೂ ಹೇಳಬಾರದು. ಹೇಳಿದರೆ ಹರಕೆ ಮುರಿಯುತ್ತದೆ. ಗಾಳಿಯೇ ಉಪ್ಪಾಗಿರುವ ಈ ಊರಿನಲ್ಲಿ ಕಡಲಸೊಪ್ಪು ಮಗುಚುತ್ತಾ ತುಟಿ ನೆಕ್ಕದೆ ಇರುವುದು ಎಷ್ಟು ಕಷ್ಟ ಗೊತ್ತೇ? ಗಾಳಿಯಿಂದ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ದೇವರ ಹತ್ತಿರ ಮೊದಲೇ ಮಾತಾಡಿಕೊಂಡಿದ್ದೆ.

ಊರಿನ ಹೆಸರಿನ ಬಗ್ಗೆ ಅಜ್ಜಿ ಹೇಳಿದ್ದು ಇಷ್ಟು. ತುಂಬಾ ಹಿಂದೆ, ಕೋಟೆ ಕಟ್ಟಲು ಮರ ಕಡಿಯುವುದಕ್ಕೆಂದು ದೊರೆಯ ಆಳುಗಳು ಬಂದು ಊರಿನ ಗಂಡಸರನ್ನೆಲ್ಲ ಹಿಡಿದುಕೊಂಡು ಹೋದರು. ಸುದ್ದಿಯಿಲ್ಲ. ಊರಿನ ಹೆಂಗಸರೆಲ್ಲ, ಒಬ್ಬರಿಗೊಬ್ಬರು ಹೇಳದೆ, ಉಪ್ಪು ಬಿಟ್ಟರು. ವಸಂತದಲ್ಲಿ ಕುದುರೆಯ ಮೇಲೆ ಉಪ್ಪು ಹೇರಿಕೊಂಡು ವ್ಯಾಪಾರಿ ಬೆಟ್ಟ ಹತ್ತಿ ಬಂದ. ಮೊದಲ ಮನೆ, ಬೇಡ. ಎರಡನೆಯದು, ಬೇಡ. ಊರು ಮುಗಿಯಿತು, ಒಂದು ಹಿಡಿ ಹೋಗಲಿಲ್ಲ. ಯಾಕೆ ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಬಿಡುವ ಹಾಗಿಲ್ಲವಲ್ಲ! ಅವನು ಸಿಟ್ಟಿನಲ್ಲಿ ಇಳಿದುಹೋಗಿ ದಾರಿಯುದ್ದಕ್ಕೂ ಹೇಳಿದ, “ಅದು ಉಪ್ಪಿಲ್ಲದ ಊರು, ಅಲ್ಲಿಗೆ ಹೋಗಬೇಡಿ.” ಶರತ್ಕಾಲಕ್ಕೆ ಗಂಡಸರು ಬಂದರು. ಎಲ್ಲರೂ ಬಂದರು ಎಂದೇ ಅಜ್ಜಿ ಹೇಳುತ್ತಿದ್ದರು. ವ್ಯಾಪಾರಿ ಇಟ್ಟ ಹೆಸರು ಉಳಿಯಿತು.

ಇದು ನಿಜವೋ ಅಲ್ಲವೋ ನಾನು ಪ್ರಮಾಣ ಮಾಡಲಾರೆ. ವಲಸೆ ಬರುವಾಗ ಗಂಡಸರು ದಾಖಲೆಗಳನ್ನು ಪೆಟ್ಟಿಗೆಯಲ್ಲಿ ತಂದರು, ಅವು ಹಡಗಿನಲ್ಲೇ ನೆನೆದು ಮುದ್ದೆಯಾದವು. ಹೆಂಗಸರು ಇದನ್ನು ತಂದರು. ನೆನೆಯಲು ಕಾಗದ ಇರಲಿಲ್ಲ. ನೀವು ಕಡತದಲ್ಲಿ ಹುಡುಕಿದ್ದೀರಿ. ಹೇಳಬಾರದ್ದನ್ನು ಬರೆಯುವವರು ಯಾರು?

ಈ ಕಾಗದವನ್ನು ಸಭೆಯಲ್ಲಿ ಓದಿ. ಗೆನ್ನೊಸುಕೆಯವರು ಪಕ್ಕದಲ್ಲೇ ಕೂತು “ನನ್ನ ಹೆಸರು ಸರಿಯಾಗಿ ಬರಿ” ಎನ್ನುತ್ತಿದ್ದಾರೆ. ಅಡುಗೆ ಸಪ್ಪೆಯಾದರೆ ಇನ್ನು ಮೇಲೆ ಬೈಯುವುದಿಲ್ಲವಂತೆ. ಅದು ಎಷ್ಟು ದಿನವೋ ನೋಡೋಣ.

ಕಿನುಯೆ


ಶಿಯೋನಾಶಿ
25 ಜನವರಿ 2005

ಕಿನುಯೆ ಅವರಿಗೆ,

ಗೆನ್ನೊಸುಕೆ ಅವರ ನಲವತ್ತೊಂದು ಹೆಜ್ಜೆಗೆ ಇಲ್ಲಿಂದ ನಲವತ್ತೊಂದು ನಮಸ್ಕಾರ. ಹೊಸ ವರ್ಷದ ಕಾರ್ಡಿನಲ್ಲಿ ಏನೂ ಬರೆಯದೆ ಇದ್ದದ್ದು, ಸಭೆ ಮುಗಿಯುವ ಮೊದಲು ಮಾತಾಡಿದರೆ ಕೆಲಸ ಕೆಡುತ್ತದೆ ಎಂಬ ನಿಮ್ಮದೇ ಪಾಠದಿಂದ.

ಭಾನುವಾರ ಓನಾರಿನ ಸಮುದಾಯ ಭವನ ತುಂಬಿತ್ತು. ನನ್ನ ಮಾನ ಮತ್ತೆ ಹೋಗುವುದನ್ನು ನೋಡಲು ಜನ ತರಕಾರಿ ಲಾರಿಗಳಲ್ಲಿ ಹೇರಿಕೊಂಡು ಬಂದಿದ್ದರು. ನಿಮ್ಮ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ವ್ಯಾಪಾರಿಯ ಕುದುರೆ ಬಂದಾಗ ಹಿಂದಿನ ಸಾಲಿನಲ್ಲಿ ಕೆಮ್ಮು ಕೂಡ ನಿಂತಿತ್ತು.

ಮುಗಿಟಾನಿ ಎದ್ದರು. “ಕಥೆ ಚೆನ್ನಾಗಿದೆ. ಹೋದ ಸಲದ್ದೂ ಚೆನ್ನಾಗೇ ಇತ್ತು, ಬರೆದೋರು ನಮ್ಮ ತೊಕುಜಿಯಣ್ಣ. ಇದು ಬಂದಿರೋದು ಸಮುದ್ರದ ಆಚೆಯಿಂದ. ಆ ಹರಕೆ ಪದ್ಧತಿ ಈ ಕಣಿವೇಲಿ ಇತ್ತು ಅನ್ನೋಕೆ ಒಂದು ಸಾಕ್ಷಿ ಕೊಡಿ ಸಾಕು. ಒಂದೇ ಒಂದು. ಇಲ್ಲಾಂದ್ರೆ ನಾಲ್ಕನೇ ವಾರ್ಡು!”

ನನ್ನ ಕೈಯಲ್ಲಿ ನಿಮ್ಮ ಕಾಗದ ಬಿಟ್ಟರೆ ಏನೂ ಇರಲಿಲ್ಲ. ಆಗ ಮುಂದಿನ ಸಾಲಿನಿಂದ ಒಂದು ಧ್ವನಿ: “ಕಂಜಿರೋ, ಕೂತ್ಕೊಳೋ.”

ಮುಗಿಟಾನಿಯವರ ತಾಯಿ. ತೊಂಬತ್ತೊಂದು ವರ್ಷ. ಓನಾರಿಗೆ ಮದುವೆಯಾಗಿ ಬರುವ ಮೊದಲು ನಮ್ಮೂರ ಹುಡುಗಿ. ಎಪ್ಪತ್ತು ವರ್ಷದ ಹಿಂದಿನ ಆ ಮಾತು ಯಾರಿಗೂ ನೆನಪಿರಲಿಲ್ಲ, ಬರೆದುಕೊಳ್ಳುವವನಾದ ನನಗೂ.

“ಅಮ್ಮ, ಇದು ಸಮಿತಿ...”

“ಸಮಿತಿ ಇರ್ಲಿ. ನಿಮ್ಮಪ್ಪ ಯುದ್ಧಕ್ಕೆ ಹೋದಾಗ ನೀನು ಹೊಟ್ಟೇಲಿದ್ದೆ. ಅವ್ರು ಬರೋವರ್ಗೂ ಎರಡು ವರ್ಷ ನಾನು ಉಪ್ಪು ಮುಟ್ಲಿಲ್ಲ. ನಿಂಗೆ ಹಾಲು ಕುಡ್ಸಿದ್ದೂ ಅದೇ ಸಪ್ಪೆ ಅನ್ನ ತಿಂದು. ಅದಕ್ಕೇ ಇರ್ಬೇಕು, ನಿನ್ನ ಮಾತಿಗೆ ರುಚಿ ಇಲ್ಲ.”

ಭವನ ಬಿದ್ದುಬಿದ್ದು ನಕ್ಕಿತು. ಅಧ್ಯಕ್ಷರು ಮೇಜು ತಟ್ಟಿ, “ಅಜ್ಜಿ, ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?” ಎಂದು ಕೇಳಿದರು.

“ಅವ್ರು ಬರೋವರ್ಗೂ ಹೇಳೋ ಹಾಗಿರ್ಲಿಲ್ಲ. ಬಂದ್ಮೇಲೆ ಹೇಳೋದೇನಿದೆ? ಬಂದ್ರಲ್ಲ!”

ಅಜ್ಜಿ ತಿರುಗಿ ಸಭೆಯನ್ನು ನೋಡಿದರು. “ಏನ್ರೇ, ನಾನೊಬ್ಳೇನಾ? ಎಲ್ರ ಮನೇವ್ರೂ ಬಂದಾಗಿದ್ಯಲ್ಲ, ಈಗ ಕೈ ಎತ್ತೋಕೇನು?”

ಮೊದಲು ಚಹಾ ಬಡಿಸುತ್ತಿದ್ದ ಹೆಂಗಸೊಬ್ಬರು ಕೆಟಲನ್ನು ಕೆಳಗಿಟ್ಟು ಕೈ ಎತ್ತಿದರು. ಆಮೇಲೆ ಕಿಟಕಿಯ ಹತ್ತಿರ ಇಬ್ಬರು. ಹೆಬಿಗುಚಿಗೆ ಮದುವೆಯಾಗಿ ಹೋದವರೊಬ್ಬರು. ಹಿಂದಿನ ಸಾಲಿನಲ್ಲಿ ಅಕ್ಕತಂಗಿಯರು ಇಬ್ಬರೂ ಒಟ್ಟಿಗೆ ಎತ್ತಿ, ಒಬ್ಬರನ್ನೊಬ್ಬರು ನೋಡಿ, “ನೀನೂನಾ?” ಎಂದರು. ಗಂಡಸರೆಲ್ಲ ತಲೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಾನು ಅಭ್ಯಾಸಬಲದಿಂದ ಎಣಿಸಿ ಬರೆದುಕೊಳ್ಳುತ್ತಿದ್ದೆ. ಹದಿನಾರು ಬರೆದೆ. ಹದಿನೇಳನೆಯ ಕೈ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದಲ್ಲಿ, ಅರ್ಧ ಎತ್ತಿದ್ದು. ಹೆಸರು ಬರೆಯಲು ಕತ್ತೆತ್ತಿದರೆ ಫುಸಾಯೆ.

1974ರಲ್ಲಿ ನನಗೆ ಮೂತ್ರಪಿಂಡದ ಕಾಯಿಲೆಯಾಗಿ ಪಟ್ಟಣದ ಆಸ್ಪತ್ರೆಯಲ್ಲಿ ಮಲಗಿದ್ದೆ. ಉಳಿಯುವುದು ಅನುಮಾನ ಎಂದಿದ್ದರು. ಅಲ್ಲಿ ನನಗೆ ಉಪ್ಪಿಲ್ಲದ ಊಟ. ಭಾನುವಾರ ಭಾನುವಾರ ಅವಳು ಬಂದು ಕೂತಾಗಲೆಲ್ಲ ನನ್ನದು ಒಂದೇ ಗೋಳು: “ಮನೇಲಿ ಆರಾಮಾಗಿ ಮಿಸೊ ಸಾರು ಕುಡಿಯೋಳು ನೀನು. ನಿಂಗೇನು ಗೊತ್ತು ಸಪ್ಪೆ ಅನ್ನದ ಕಷ್ಟ?” ಅವಳು “ಹೌದು ಪಾಪ” ಎನ್ನುತ್ತಿದ್ದಳು. ಹಣ್ಣು ಸುಲಿದು ಕೊಡುತ್ತಿದ್ದಳು.

ಮತದ ವಿಷಯ ಹೇಳಬೇಕಲ್ಲ. ಹದಿನೈದಕ್ಕೆ ಒಂಬತ್ತು, ಹೆಸರು ಉಳಿಯಿತು. ಮುಗಿಟಾನಿಯ ಕೈ ಭುಜದವರೆಗೆ ಬಂದು ನಿಂತಿತ್ತು. ಅವರಮ್ಮ ಕೆಮ್ಮಿದರು, ಪೂರ್ತಿ ಮೇಲೆ ಹೋಯಿತು. ಬಸ್ ನಿಲ್ದಾಣದ ಫಲಕವನ್ನು ನಿನ್ನೆ ಬೆಳಗ್ಗೆ ನಾನೇ ಸ್ಪ್ಯಾನರ್ ತೆಗೆದುಕೊಂಡು ಹೋಗಿ ಕಿತ್ತೆ. ಹೊಸದನ್ನು ಬರೆಯಲು ಹೆಂಗಸರ ಸಂಘಕ್ಕೆ ಕೊಟ್ಟಿದ್ದಾರೆ, ನನ್ನನ್ನು ಹತ್ತಿರ ಸೇರಿಸುತ್ತಿಲ್ಲ. ನ್ಯಾಯವೇ.

ಸಭೆಯಿಂದ ಮನೆಗೆ ಬರುವ ಬಸ್ಸಿನಲ್ಲಿ ನಾವಿಬ್ಬರೇ ಇದ್ದೆವು.

“ಎಷ್ಟು ದಿನ?” ಎಂದೆ.

“ಒಂಬತ್ತು ತಿಂಗಳು ಹನ್ನೊಂದು ದಿನ. ನಿಮ್ಮಮ್ಮನೇ ಹೇಳಿಕೊಟ್ಟಿದ್ದು.”

“ಅಮ್ಮಾನಾ! ಕಿನುಯೆ ಅವರದ್ದೂ ಗೊತ್ತಿತ್ತಾ ನಿಂಗೆ?”

“ಉಮೆ ಬಣ್ಣ ಚೆನ್ನಾಗಿದೆ ಅಂತ ಬರೆದ್ರಲ್ಲ, ಆಗ್ಲೇ ಗೊತ್ತಾಯ್ತು. ನಾನೂ ಹಾಗೇ ಹೇಳ್ತಿದ್ದೆ, ಯಾರಾದ್ರೂ ಕೊಟ್ರೆ.”

“ನಾನು ಅಷ್ಟೊಂದು ಬೈದೆನಲ್ಲ ಆಸ್ಪತ್ರೇಲಿ. ಒಂದು ಮಾತು ಹೇಳ್ಬಾರ್ದಿತ್ತೇನೇ?”

“ಹೇಳಿದ್ರೆ ನೀವು ಬರ್ತಿರ್ಲಿಲ್ಲ” ಎಂದು ಕಿಟಕಿಯ ಹೊರಗೆ ನೋಡತೊಡಗಿದಳು. ಆಮೇಲೆ, “ಬೈಯೋ ಶಕ್ತಿ ಇದ್ಯಲ್ಲ, ಬದುಕ್ತಾರೆ ಅಂದ್ಕೋತಿದ್ದೆ” ಎಂದಳು.

ಈ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಮದುವೆಯಾಗಿ ಮೂವತ್ತೆರಡು ವರ್ಷಕ್ಕೆ ಇವತ್ತು ಮೊದಲ ಬಾರಿಗೆ ಮಿಸೊ ಸಾರು ನಾನು ಮಾಡಿದೆ, ನೀವು ಕಳಿಸಿದ ಕಡಲಸೊಪ್ಪು ಹಾಕಿ. ಮಿಸೊ ಎಷ್ಟು ಹಾಕಬೇಕೆಂದು ಕೇಳಲು ನಾಚಿಕೆಯಾಗಿ ಅಂದಾಜಿನಲ್ಲಿ ಹಾಕಿದೆ. ಉಪ್ಪು ಕುತ್ತಿಗೆಗೆ ಬಂತು. ನಾನು ಎರಡು ಗುಟುಕಿಗೇ ಬಟ್ಟಲು ಕೆಳಗಿಟ್ಟೆ. ಫುಸಾಯೆ ಎರಡನೇ ಸಲ ಬಡಿಸಿಕೊಂಡಳು.

ತೊಕುಜಿ